ಹೊಸ ಪಂಪಿನ ಹೊಟ್ಟೆ

ಅತ್ತೆಯ ಮನೆಯ ಮಿಕ್ಸಿ ಕೆಟ್ಟಾಗ ಅದನ್ನು ಬಿಚ್ಚಿದವನು ಅವನ ಷಡ್ಡಕ. ಟಾರ್ಚು ಹಿಡಿದು ನಿಂತವನು ಅವನು. "ನೀವು ಸ್ವಲ್ಪ ಬೆಳಕು ಬಿಡಿ, ಅಷ್ಟು ಸಾಕು" ಎಂದಿದ್ದರು ಅತ್ತೆ, ತುಂಬ ಅಕ್ಕರೆಯಿಂದ. ಹದಿನೆಂಟು ವರ್ಷ ಪಂಪು ಬಿಚ್ಚಿ ಕಟ್ಟಿದ ಮೆಕ್ಯಾನಿಕ್ಕಿಗೆ ಆ ಅಕ್ಕರೆ ಗಂಟಲಲ್ಲಿ ಇಳಿಯಲಿಲ್ಲ.

ಇಬ್ಬರಿಗೂ ಕೆಲಸ ಒಂದೇ ಕಾರ್ಖಾನೆಯಲ್ಲಿ. ಸವೆದ ಪಂಪುಗಳನ್ನು ಬಿಚ್ಚಿ, ತೊಳೆದು, ಅಳೆದು, ಸವೆದಲ್ಲಿ ಲೋಹ ತುಂಬಿ, ಹೊಸದರಂತೆ ಮಾಡಿ ಕಳಿಸುವುದು ಅಲ್ಲಿಯ ಕಸುಬು. ಈಗ ವಿಭಾಗದ ಮುಖ್ಯಸ್ಥನ ಜಾಗ ಖಾಲಿಯಾಗಿತ್ತು. ಇಬ್ಬರೂ ಒಂದೊಂದು ಪಂಪು ಸಿದ್ಧಮಾಡಲಿ, ಓಡಿಸಿ ನೋಡಿ ಹೇಳುತ್ತೇನೆ ಎಂದರು ಮ್ಯಾನೇಜರಮ್ಮ.

ತಾನು ಕಟ್ಟಿದ ಪಂಪು ಹೇಗೆ ಓಡುತ್ತದೆಂದು ಅವನಿಗೆ ಗೊತ್ತಿತ್ತು. ಓಡುತ್ತದೆ, ಗೊಣಗುತ್ತ.

ಊರಿನ ನೀರು ಸರಬರಾಜು ಕಚೇರಿಯ ಉಗ್ರಾಣದಲ್ಲಿ ಅದೇ ಮಾದರಿಯ ಪಂಪೊಂದು, ತುರ್ತಿಗಿರಲೆಂದು, ಮರದ ಪೆಟ್ಟಿಗೆಯಲ್ಲಿ ಮಲಗಿತ್ತು. ಪ್ಲಾಸ್ಟಿಕ್ ಹೊದಿಕೆ, ಮಿರಮಿರ ಗ್ರೀಸು, ಒಂದು ಗೀರೂ ಇಲ್ಲ. ಈಚೆಗೆ ಒಂದು ವರ್ಷದಿಂದ ಅಲ್ಲಿಗೆ ಪಂಪು ತಲುಪಿಸುವುದೂ ತರುವುದೂ ಅವನದೇ ಪಾಳಿ. ಕಾವಲುಗಾರ ಅವನ ವ್ಯಾನನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಉಗ್ರಾಣದವರು ಊಟಕ್ಕೆ ಹೋದರೆ ಮುಕ್ಕಾಲು ಗಂಟೆ. ಅವನಿಗೆ ಬೇಕಾದದ್ದು ಇಪ್ಪತ್ತು ನಿಮಿಷ.

ಹತ್ತೊಂಬತ್ತರಲ್ಲಿ ಮುಗಿಯಿತು. ಗೊಣಗುವ ಪಂಪು ಪೆಟ್ಟಿಗೆ ಸೇರಿತು. ಹೊಸದರ ಮೈಮೇಲೆ ಕಚೇರಿಯವರ ಚೀಟಿ ಅಂಟಿದ್ದ ಫಲಕವನ್ನು ಚೀಟಿಯ ಸಮೇತ ಕಿತ್ತು ಗೊಣಗುವುದಕ್ಕೆ ಬಡಿದ. ಊರಿಗೆ ನೀರು ನಿಂತುಹೋದರೆ? ಛೆ, ತುರ್ತಿನ ಪಂಪು ಯಾವತ್ತಾದರೂ ಓಡಿದ್ದುಂಟೇ, ಎಂದು ಸಮಾಧಾನ ಮಾಡಿಕೊಂಡ.

ಆಮೇಲೆ ಎರಡು ದಿನ ಅವನು ಕಲೆಗಾರನಾದ. ಜನ್ಮವಿಡೀ ಹಳೆಯದನ್ನು ಹೊಸದು ಮಾಡಿದ ಕೈ ಈಗ ಹೊಸದಕ್ಕೆ ವಯಸ್ಸು ತುಂಬಿತು. ಅಂಚಿಗೆ ಮರಳುಕಾಗದ ಉಜ್ಜಿದ, ಬೋಲ್ಟುಗಳಿಗೆ ಉಪ್ಪುನೀರು ಕುಡಿಸಿದ, ಮೇಲೆ ಕಾರ್ಖಾನೆಯ ಬೂದುಬಣ್ಣ ಬಳಿದ. ಒಳಗೆ ಮಾತ್ರ ಕೈಹಾಕಲಿಲ್ಲ. ಹೊಸದನ್ನು ಬಿಚ್ಚಿ ಕೆಡಿಸುವಷ್ಟು ದಡ್ಡ ಅವನಲ್ಲ.

"ಚೆನ್ನಾಗ್ ಬಂದಿದೆ ಕಣೋ" ಎಂದು ಷಡ್ಡಕ ಮನಸಾರೆ ಬೆನ್ನು ತಟ್ಟಿದ. ಪಾಪ ಅನ್ನಿಸಿತು. ಮುಖ್ಯಸ್ಥನಾದ ಮೇಲೆ ಇವನಿಗೆ ಒಳ್ಳೆಯ ಪಾಳಿ ಕೊಡಬೇಕು ಎಂದುಕೊಂಡ.

ಪರೀಕ್ಷೆಯ ಮೇಜಿನ ಮೇಲೆ ಎರಡೂ ಪಂಪು ಎಂಟು ಗಂಟೆ ಓಡಿದವು. ಎರಡರ ಒತ್ತಡದ ಮುಳ್ಳೂ ಒಂದೇ ಗೆರೆಯಲ್ಲಿ ನಿಂತವು, ಎರಡೂ ಉಸಿರೆತ್ತಲಿಲ್ಲ.

ಹಾಗಾದರೆ ಒಳಗಿನ ಕೈಚಳಕ ನೋಡೋಣ ಎಂದು ಮ್ಯಾನೇಜರಮ್ಮ ಮೊದಲು ಅವನ ಪಂಪಿನ ಮುಚ್ಚಳ ಬಿಚ್ಚಿಸಿದರು. ಅವನು ಎದೆಯುಬ್ಬಿಸಿ ನಿಂತ. ಅವರು ಮುಚ್ಚಳವನ್ನು ಮಗುಚಿ ಕಿಟಕಿಯ ಬೆಳಕಿಗೆ ಹಿಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ಹಿಡಿದರು, ಷಡ್ಡಕನ ಕೈಗಿತ್ತರು. ಷಡ್ಡಕ ತಲೆ ಕೆರೆದುಕೊಂಡ. "ಇದು ನನ್ ಗುರುತಲ್ವಾ ಮೇಡಂ? ತಾರೀಖೂ ಕೊರ್ದಿದೀನಿ. ಎರಡು ವರ್ಷದ ಹಿಂದೆ ನೀರು ಸರಬರಾಜಿನವ್ರಿಗೆ ಮಾಡಿಕೊಟ್ಟಿದ್ದು." ಪ್ರತಿ ಮುಚ್ಚಳದ ಒಳಮೈಯಲ್ಲಿ ಷಡ್ಡಕ ಹಾಗೆ ಕೊರೆಯುತ್ತಾನೆಂಬುದು ಅವನಿಗೆ ತಿಳಿದಿರಲಿಲ್ಲ, ಷಡ್ಡಕ ಕಟ್ಟಿದ ಪಂಪು ಇಷ್ಟು ವರ್ಷದಲ್ಲಿ ಒಂದಾದರೂ ಕೆಟ್ಟು ವಾಪಸ್ ಬಂದಿದ್ದರೆ ತಾನೇ ಅವನು ಬಿಚ್ಚಿ ನೋಡುವುದು.