ಕಾಲೂರಲು ಒಂದು ಗೋಣಿ ತುಂಡು

“ಆ ಬಕೆಟ್‌ಗೆ ಕೈ ಹಾಕಬೇಡಿ!”

ಅವಳು ಬೆಚ್ಚಿಬಿದ್ದು ತಿರುಗಿದಳು. ಬಾಗಿಲಲ್ಲಿ ಗುಮ್ಮ ನಿಂತಿದ್ದ. ಮೊಟ್ಟೆಗೆ ಕಾವು ಕೊಡೋ ಮೆಷಿನ್ ನೋಡಿಕೊಳ್ಳುವವನು. ಬಾಯಿಬಿಟ್ಟರೆ ಮುತ್ತು ಉದುರುತ್ತೇನೋ ಅನ್ನುವ ಹಾಗೆ ಮಾತೇ ಆಡದೆ ಇರುತ್ತಿದ್ದನಲ್ಲ, ಅದಕ್ಕೇ ಕೋಳಿಮರಿ ಕೇಂದ್ರದವರೆಲ್ಲ ಸೇರಿ ಇಟ್ಟ ಹೆಸರದು. ಅವಳ ಹತ್ತಿರ ಅವನಾಡಿದ ಮೊದಲ ಮಾತೇ ಇದು, ನೋಡಿ!

“ಯಾಕೆ ಹಾಕಬಾರದು? ಇದಿನ್ನೂ ಉಸಿರಾಡ್ತಿದೆ ಕಣ್ರೀ!”

ಅವಳ ಅಂಗೈಯಲ್ಲಿ ಅಂದೇ ಮೊಟ್ಟೆಯೊಡೆದು ಬಂದ ಮರಿ. ಕಾಲುಗಳು ಅತ್ತ ಒಂದು, ಇತ್ತ ಒಂದು ಜಾರಿಕೊಂಡು, ನಿಲ್ಲಲಾಗದೆ ಹೊಟ್ಟೆಯ ಮೇಲೆ ಬಿದ್ದಿತ್ತು.

ಗಟ್ಟಿಮುಟ್ಟಾದ ಮರಿ ಪೆಟ್ಟಿಗೆಗೆ, ಕುಂಟಾದದ್ದು ಬಿಸಾಡುವ ಬಕೆಟ್‌ಗೆ. ಬೆಳಗಿಂದ ನಿಂತೇ ಮರಿ ಆರಿಸಿ ಅವಳು ಸೋತು ಸುಣ್ಣವಾಗಿದ್ದಳು. ಈ ಮರಿಯನ್ನು ಬಕೆಟ್‌ಗೆ ಹಾಕಿದ್ದೂ ಅವಳೇ! ಆಮೇಲೆ ಮನಸ್ಸು ತಡೆಯಲಿಲ್ಲ...

ಬಂದ ಸಂಬಂಧಗಳೆಲ್ಲ ತಪ್ಪಿ, ಅಣ್ಣನ ಮನೆಯ ಮೂಲೆ ಕೋಣೆಯಲ್ಲಿ ಉಳಿದವಳು ಅವಳು. ಅತ್ತಿಗೆಯ ನಿಟ್ಟುಸಿರು ಕೇಳಿ ಕೇಳಿ ಸಾಕಾಗಿತ್ತು. ‘ಬೇಡ ಅನ್ನಿಸಿಕೊಳ್ಳೋ ನೋವು ನನಗೆ ಗೊತ್ತಿಲ್ವಾ? ಈ ಮರೀನ ಕಾಲ ಮೇಲೆ ನಿಲ್ಲಿಸೇ ನಿಲ್ಲಿಸ್ತೀನಿ.’

ಗುಮ್ಮ ತನ್ನ ಮೆಷಿನ್ ಕಡೆಗೆ ಹೊರಟುಹೋದ.

ಗಾಯಕ್ಕೆ ಅಂಟಿಸುವ ಪಟ್ಟಿಯನ್ನು ಸಣ್ಣಗೆ ಕತ್ತರಿಸಿ, ಕಾಲೆರಡನ್ನೂ ಹೊಟ್ಟೆಯ ಅಡಿಗೆ ತಂದು ಕಟ್ಟಿದಳು. ಬಿಚ್ಚಿಹೋದೀತೆಂಬ ಭಯಕ್ಕೆ ಬಿಗಿಯಾಗಿಯೇ ಕಟ್ಟಿದಳು. ರಟ್ಟಿನ ಡಬ್ಬಕ್ಕೆ ಪೇಪರ್ ಹಾಸಿ, ಮೆಷಿನ್ ಕೋಣೆಯ ಬೆಚ್ಚಗಿನ ಗೋಡೆಗೆ ಆನಿಸಿಟ್ಟಳು.

ಮರುದಿನ ಬೆಳಿಗ್ಗೆ ಬಂದು ನೋಡುತ್ತಾಳೆ... ಡಬ್ಬದ ಮುಂದೆ ಗುಮ್ಮ! ಕೈಯಲ್ಲಿ ಕತ್ತರಿ. ಕೆಳಗೆ ತುಂಡಾದ ಪಟ್ಟಿ.

“ಬಿಚ್ಚಿಬಿಟ್ರಾ? ಅದು ನಿಮಗೇನು ಮಾಡಿತ್ತು?”

“ಅದು... ಬಿಗಿ...”

“ಏನೂ ಹೇಳಬೇಡಿ! ನಿಮಗೂ ಬಕೆಟೇ ಸುಲಭ ಅಲ್ವಾ?”

ಅಷ್ಟರಲ್ಲಿ ಮೇಸ್ತ್ರಿ ಕೂಗಿದ. ಡಬ್ಬ ಅಲ್ಲೇ ಬಿಟ್ಟು ಓಡಬೇಕಾಯಿತು. ಇಡೀ ಬೆಳಿಗ್ಗೆ ಅವಳ ಕೈ ಮರಿ ಆರಿಸುತ್ತಿತ್ತು, ಕಣ್ಣು ತುಂಬಿ ತುಂಬಿ ಬರುತ್ತಿತ್ತು. ‘ಹೋಯ್ತು... ಅದೂ ಹೋಯ್ತು.’

ಮಧ್ಯಾಹ್ನ ಕಾಲೆಳೆದುಕೊಂಡು ಹೋದಳು. ಡಬ್ಬ ಖಾಲಿಯಾಗಿರುತ್ತೆ ಅಂತಲೇ ಬಗ್ಗಿದಳು.

ಚಿಂವ್!

ಮರಿ ನಿಂತಿತ್ತು! ತೂರಾಡುತ್ತಲೇ ಇತ್ತು, ಆದರೂ ನಿಂತಿತ್ತು. ಕಾಲಿಗೆ ಹೊಸ ಪಟ್ಟಿ, ಸಡಿಲವಾಗಿ. ಪೇಪರ್ ಇರಲಿಲ್ಲ. ಅದರ ಜಾಗದಲ್ಲಿ ಗೋಣಿಯ ತುಂಡು. ಪುಟ್ಟ ಉಗುರುಗಳು ಆ ನೇಯ್ಗೆಯನ್ನು ಕಚ್ಚಿ ಹಿಡಿದಿದ್ದವು.

“ಪೇಪರ್ ಮೇಲೆ ಕಾಲು ಜಾರುತ್ತೆ,” ಹಿಂದಿನಿಂದ ಗುಮ್ಮನ ದನಿ. “ಪಟ್ಟಿ ಬಿಗಿಯಾಗಿ ಪಾದ ಊದಿತ್ತು. ಅದಕ್ಕೇ ಕತ್ತರಿಸಿದೆ.”

ಅಯ್ಯೋ! ಉಳಿಸಲು ಹೋಗಿ ನಾನೇ...! ಅವಳಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಗೋಣಿಯ ಅಂಚಿನ ಕೆಂಪು ದಾರ ಕಣ್ಣಿಗೆ ಬಿತ್ತು. ಅವಳ ಮೇಜಿನ ಕೆಳಗೆ, ತಣ್ಣನೆಯ ಸಿಮೆಂಟ್ ಮೇಲೆ ಹಾಸಿದ್ದೂ ಇದೇ ಗೋಣಿ!

“ಇದು ಆಫೀಸಿನವರು ನನಗೆ ಹಾಕಿಸಿದ್ದಲ್ವಾ?”

“ಅವರೆಲ್ಲಿ ಹಾಕಿಸ್ತಾರೆ! ನಾನೇ ಹಾಕಿದ್ದು. ನೀವು ಆ ಕಾಲಿಂದ ಈ ಕಾಲಿಗೆ ಭಾರ ಬದಲಿಸ್ತಾ ನಿಲ್ಲೋದು ನೋಡೋಕಾಗ್ತಿರಲಿಲ್ಲ. ಇವತ್ತು ನೀವು ಬರೋ ಮೊದಲೇ ಅದರ ಮೂಲೆ ಕತ್ತರಿಸಿದೆ... ಕ್ಷಮಿಸಿ.”

“ಮತ್ತೆ ನಿನ್ನೆ, ಬಕೆಟ್‌ಗೆ ಕೈ ಹಾಕಬೇಡಿ ಅಂದಿದ್ದು?”

“ಆ ಮರಿ ಎತ್ಕೊಳ್ಳೋಕೆ ನಾನೇ ಬಂದಿದ್ದೆ. ನೀವು ಬಕೆಟ್ ಚೆಲ್ಲೋಕೆ ಬಂದ್ರೇನೋ ಅನ್ಕೊಂಡೆ.”

ಅವಳು ಗೋಡೆಗೊರಗಿ ಕೂತಳು. ನಗುವೋ ಅಳುವೋ, ಎರಡೂ ಒಟ್ಟಿಗೇ ಬಂತು.

“ನನಗೆ ತುಂಬಾ ಸುಸ್ತಾಗಿದೆ ರೀ...”

“ಗೊತ್ತು. ದಿನಾ ನೋಡ್ತೀನಲ್ಲ.” ಅವನು ಒಂದು ಹೆಜ್ಜೆ ಮುಂದೆ ಬಂದ. “ನೀವಂದ್ರೆ ನನಗೆ ಇಷ್ಟ. ನನ್ನ ಮದ್ವೆ ಆಗ್ತೀರಾ?”

“ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?”

“ಬೀಗ ಅಲ್ಲ... ಭಯ.”

ಮರಿ ಒಂದು ಹೆಜ್ಜೆ ಇಟ್ಟು, ಮುಗ್ಗರಿಸಿ, ಮತ್ತೆ ಎದ್ದಿತು. ಅವಳ ನೋಟ ಅವನ ಮೆಷಿನ್ ಮುಂದಿನ ನೆಲಕ್ಕೆ ಹೋಯಿತು. ಬರೀ ಸಿಮೆಂಟ್.

“ನಿಮಗೆ ಗೋಣಿ ಇಲ್ವಲ್ಲ... ನಿಮ್ಮ ಕಾಲು ನೋಯಲ್ವಾ?”

ಗುಮ್ಮನ ಕಣ್ಣು ಒದ್ದೆಯಾಯಿತು. “ಇದುವರೆಗೂ ಯಾರೂ ಕೇಳಿರಲಿಲ್ಲ.”

“ಬನ್ನಿ, ಕೂತ್ಕೊಳ್ಳಿ,” ಅವಳು ಪಕ್ಕಕ್ಕೆ ಸರಿದಳು. “ಇನ್ಮೇಲೆ ದಿನಾ ನಾನು ಕೇಳ್ತೀನಿ.”