ಬಣ್ಣ ಬಿಡದ ಸಾಲು

ಜೂನ್ ಹನ್ನೊಂದು, ಗುರುವಾರ ಬೆಳಿಗ್ಗೆ ಲಾತೂರಿನ ಠಾಣೆಗೆ ಬಂದ ಛಾಯಾ ಸುರವಸೆ ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಾಸ್ಟೆಲ್‌ಗಳಿಗೆ ಭಾಕರಿ, ಅಂದರೆ ಜೋಳದ ರೊಟ್ಟಿ, ತಟ್ಟಿಕೊಡುವ ಹೆಂಗಸು; ಕೈಗೆ ಇನ್ನೂ ಹಿಟ್ಟು ಅಂಟಿತ್ತು. ಧ್ರುವಾಂಕುರ ಕ್ಲಾಸಸ್‌ನ ಆಯ್ಕೆ ಪರೀಕ್ಷೆಯಲ್ಲಿ ಮೊದಲು ಬಂದ ಒಬ್ಬರಿಗೆ ವೈದ್ಯಕೀಯ ಪ್ರವೇಶದ ತರಬೇತಿ ಉಚಿತ. ಆಕೆಯ ಮಗಳು ಪ್ರತೀಕ್ಷಾಗೆ ಎರಡನೇ ಸ್ಥಾನ. ಸೀಟು ಸುಮಿತ್ ವಾಘಮೋಡೆಗೆ. ತರಗತಿ ಮರುದಿನವೇ ಶುರು.

"ಮೋಸ ಅಂತ ಹೆಂಗ ಹೇಳ್ತೀರಿ?" ಇನ್‌ಸ್ಪೆಕ್ಟರ್ ಉಜ್ವಲಾ ಬಿರಾಜದಾರ್ ಕೇಳಿದರು.

"ಆ ಹುಡುಗನೇ ನನ್ನ ಮಗಳಿಗೆ ಹೇಳ್ಯಾನ್ರಿ ಮೇಡಂ, ಭೌತಶಾಸ್ತ್ರ ಪೂರಾ ಕಣ್ಮುಚ್ಚಿ ಉತ್ತರದ ಗೋಲ ತುಂಬಿದೆ ಅಂತ. ಹಂಗ ತುಂಬಿದ್ರ ಮೊದಲ ನಂಬರಾ? ನಾನೂ ತುಂಬ್ತೀನಿ, ಡಾಕ್ಟರ್ ಮಾಡ್ರಿ!"

ಎಫ್‌ಐಆರ್ ದಾಖಲಾಯಿತು.

ಕ್ಲಾಸಿನ ಗೇಟಿನ ಬಳಿ ಪಾಲಕರು ಆಗಲೇ ಗುಂಪುಗೂಡಿದ್ದರು. ಕ್ಲಾಸಿನ ಮಾಲೀಕ ಹಾಕೆ ಎಂಬವರು ಕಂಪ್ಯೂಟರ್‌ನಲ್ಲಿ ಪರೀಕ್ಷೆಯ ಪಟ್ಟಿ ತೆರೆದು ತೋರಿಸಿದರು. ಒಬ್ಬ ವಿದ್ಯಾರ್ಥಿಗೆ ಒಂದು ಸಾಲು, ಒಂದು ಪ್ರಶ್ನೆಗೆ ಒಂದು ಮನೆ. ಮೇಲಿನ ಸಾಲಿನಲ್ಲಿ ಸರಿ ಉತ್ತರಗಳು. ವಿದ್ಯಾರ್ಥಿ ಗುರುತಿಸಿದ ಅಕ್ಷರ ಅದಕ್ಕೆ ಹೊಂದಿದರೆ ಮನೆ ತಾನಾಗಿ ಹಸಿರಾಗುತ್ತದೆ.

"ಅಂಕ ಕೂಡಿಸೋದೂ ಕಂಪ್ಯೂಟರೇ?"

"ಇಲ್ರಿ. ಹೋದ ವರ್ಷ ಸೂತ್ರ ತಪ್ಪಿ ದೊಡ್ಡ ಗಲಾಟೆ ಆತು. ಆವಾಗಿಂದ ಬಣ್ಣದ ಪ್ರಿಂಟ್ ತೆಗೆದು ಹಸಿರು ಮನಿ ನಾನೇ ಎಣಸ್ತೀನಿ. ಕಣ್ಣಿಗಿಂತ ದೊಡ್ಡ ಸಾಕ್ಷಿ ಯಾವುದದ?"

"ಅಕ್ಷರ ನೋಡ್ತೀರಾ?"

"ಬಣ್ಣ ಇದ್ದ ಮ್ಯಾಲ ಅಕ್ಷರ ಯಾಕ ನೋಡ್ಲಿ?"

ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೇಬಲ್ ದಿಲಾವರ್ ಶೇಖ್ ಕಡೆ ತಿರುಗಿದರು. "ಶೇಖ್, ಸಾಕ್ಷಿಗೆ ಇಬ್ಬರು ಪಂಚರನ್ನ ಕರೀರಿ. ಮ್ಯಾಲಿನ ಉತ್ತರ ಎಲ್ಲಾ ಬದಲಿಸಿ ನೋಡೋಣ."

"ನನ್ನ ರಜಾಪಟ್ಟಿಯ ಸುಳ್ಳೂ ಹಿಂಗೇ ಹಿಡಿದಿದ್ರಿ ಮೇಡಂ," ಎಂದು ಶೇಖ್ ಗೊಣಗಿದರು.

ಪಕ್ಕದ ಅಂಗಡಿಯ ಇಬ್ಬರು ಪಂಚರ ಎದುರು ಕಡತದ ಪ್ರತಿ ತೆಗೆದು, ಸರಿ ಉತ್ತರಗಳ ಜಾಗದಲ್ಲೆಲ್ಲ ಎಕ್ಸ್ ಹಾಕಲಾಯಿತು. ಯಾರ ಉತ್ತರವೂ ಈಗ ಹೊಂದುವಂತಿರಲಿಲ್ಲ. ಪರದೆಯ ಹಸಿರೆಲ್ಲ ಒಮ್ಮೆಲೇ ಅಳಿಸಿಹೋಯಿತು. ಒಂದು ಸಾಲಿನಲ್ಲಿ ಮಾತ್ರ ಅಲ್ಲಲ್ಲಿ ಉಳಿದಿತ್ತು: ಸುಮಿತ್‌ನ ಭೌತಶಾಸ್ತ್ರ. ಮೂಲ ಉತ್ತರಗಳಿಗೆ ಹೋಲಿಸಿದರೂ ಆ ಮನೆಗಳ ಅಕ್ಷರಗಳು ತಪ್ಪೇ ಇದ್ದವು. ಹಸಿರನ್ನು ಯಾರೋ ಕೈಯಿಂದ ಹಚ್ಚಿದ್ದರು.

ಅಲ್ಲೇ ನಿಂತಿದ್ದ, ಪಟ್ಟಿ ಸಿದ್ಧಪಡಿಸಿದ್ದ ಶಿಕ್ಷಕ ಅಜಿನಾಥ ಮುಳೆ ಕಂಪ್ಯೂಟರಿನ ಪ್ಲಗ್ಗಿಗೆ ಕೈಚಾಚಿದ. ಶೇಖ್ ಮಣಿಕಟ್ಟು ಹಿಡಿದರು. "ಕರೆಂಟ್ ಹೋದ್ರೂ ಪಂಚರ ಕಣ್ಣು ಹೋಗಂಗಿಲ್ಲ, ಸರ್."

ಪಂಚನಾಮೆ ಮುಗಿಸಿ ಮುಳೆಯನ್ನು ಬಂಧಿಸಿ ಠಾಣೆಗೆ ಕರೆತಂದರು. ಮರುಎಣಿಕೆಯಲ್ಲಿ ಪ್ರತೀಕ್ಷಾ ಮೊದಲಿಗಳಾದಳು. ಹಾಕೆ ಸೀಟಿನ ಪತ್ರವನ್ನು ತಾವೇ ಒಯ್ದು ಅವಳ ತಾಯಿಗೆ ಕೊಟ್ಟರು.

"ಎಷ್ಟು ರೊಕ್ಕ ತಗೊಂಡ್ರಿ?" ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಮುಳೆಯನ್ನು ಕೇಳಿದರು.

"ಒಂದು ಕಪ್ ಚಹಾನೂ ಕುಡಿದಿಲ್ರಿ."

"ಮತ್ಯಾಕ?"

ಮುಳೆ ಹೇಳತೊಡಗಿದ. ಸುಮಿತ್‌ನ ತಂದೆ, ಬಾಳು ಎಂಬವ, ಮಾರುಕಟ್ಟೆಯಲ್ಲಿ ಹಮಾಲಿ. ಆಯ್ಕೆ ಪರೀಕ್ಷೆಯ ತಯಾರಿಗೆ ಹುಡುಗ ಆ ಕ್ಲಾಸಿಗೇ ಬರುತ್ತಿದ್ದ. ಗುರುವಾರ ಬಂತೆಂದರೆ ಬಾಳು ತೊಳೆದ ಟೋಪಿ ಹಾಕಿಕೊಂಡು ಕ್ಲಾಸಿಗೆ ಬರುತ್ತಿದ್ದ. ಹುಡುಗ ಹೇಗೆ ಓದುತ್ತಾನೆ ಎಂದು ಕೇಳುತ್ತಿದ್ದ.

"ಮೊದಲ ಸಲ 'ಛಲೋ' ಅಂದೆ, ಬೇಗ ಹೋಗ್ಲಿ ಅಂತ. ಆ ಮಾತು ನಂಬಿ ಹುಡುಗಗ ಸಿಕ್ಕಿದ್ದ ಗ್ಯಾರೇಜ್ ಕೆಲಸ ಬಿಡಿಸಿದ. ಆಮ್ಯಾಲ ಬ್ಯಾರೆ ಮಾತು ಬಾಯಿಗೆ ಬರ್ಲಿಲ್ರಿ. ಕಡೀಗೆ ಹಸಿರು ಹಚ್ಚಿಬಿಟ್ಟೆ."

ಸಂಜೆ ಇನ್‌ಸ್ಪೆಕ್ಟರ್ ಹೊರಬಂದಾಗ ಠಾಣೆಯ ಮೆಟ್ಟಿಲ ಬಳಿ ತೊಳೆದ ಟೋಪಿಯ ಒಬ್ಬ ನಿಂತಿದ್ದ.

"ಸರ್ ಒಳಗ ಇದ್ದಾರಂತ. ಒಂದೇ ಮಾತು ಕೇಳಿ ಹೋಗ್ತೀನ್ರಿ ಮೇಡಂ. ನನ್ನ ಹುಡುಗ ಹೆಂಗ..."

"ಇವತ್ತು ಹುಡುಗನ್ನೇ ಕೇಳ್ರಿ," ಎಂದರು ಬಿರಾಜದಾರ್. "ಅಂವ ಖರೆ ಹೇಳ್ತಾನ."