ಬೆಚ್ಚಗಿದ್ದ ಮಗ್ಗುಲು

ಹಡಗಿನ ಅಡುಗೆ ಕೆಲಸ ಮುಗಿಸಿ, ತಿಂಗಳುಗಟ್ಟಲೆ ಆದ ಮೇಲೆ ನಾನು ಮನೆ ಮುಟ್ಟಿದಾಗ ಬೆಳಕು ಹರಿಯುತ್ತಿತ್ತು. ಬೀದಿಗಿಂತ ಮನೆಯೊಳಗೇ ಹೆಚ್ಚು ಚಳಿ. ಕಿಟಕಿಗಳೆಲ್ಲ ತೆರೆದಿದ್ದವು. ಹೆಂಡತಿ, ಮಗಳು ಒಂದೇ ಕಂಬಳಿ ಹೊದ್ದು ಕಿಟಕಿಯ ಬಳಿ ಕೂತಿದ್ದರು.

“ಒಲೆ ಹೊರಗಿಟ್ಟು ಬರೋಕೆ ಇಷ್ಟು ಹೊತ್ತಾ ಮಹಾರಾಯ್ರೆ?” ಎಂದಳು ಹೆಂಡತಿ.

ರಾತ್ರಿ ಅವಳು ಚಳಿಗೆಂದು ಎಲ್ಲ ಮುಚ್ಚಿ, ಇದ್ದಿಲೊಲೆಯನ್ನು ಮಂಚದ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದ್ದಳಂತೆ. ವಿಷಗಾಳಿ ತುಂಬಿ, ಎಚ್ಚರವಾದರೂ ಕೈಕಾಲು ಅಲ್ಲಾಡಲಿಲ್ಲವಂತೆ. ಆಗ ನಾನು ಬಂದು ಕಿಟಕಿ ತೆರೆದು, ಇಬ್ಬರನ್ನೂ ಎತ್ತಿ ತಂದು ಇಲ್ಲಿ ಕೂರಿಸಿದೆನಂತೆ.

“ಜೀವ ಉಳಿಸಿದ್ರಿ ಸರಿ. ಅಷ್ಟು ದಿನ ಆದ್ಮೇಲೆ ಬಂದೋರು ಒಂದು ಮಾತಾದ್ರೂ ಆಡಬಾರದಾ?”

ಆಗ ನಾನಿನ್ನೂ ರೈಲಿನಲ್ಲಿದ್ದೆ. ಮಗಳನ್ನು ಅವಚಿಕೊಂಡೆ. ಅವಳ ಬಿಸಿಯುಸಿರು ಕತ್ತಿಗೆ ತಾಗುತ್ತಿತ್ತು. ಉಳಿದದ್ದು ಏನಾದರೂ ಆಗಲಿ, ನನಗೆ ಅಷ್ಟು ಸಾಕಿತ್ತು.

“ಮೆತ್ತಗೆ ಮಾತಾಡು,” ಎಂದು ಮಗಳು ಕಿವಿಯಲ್ಲಿ ಹೇಳಿದಳು. “ಆ ಅಪ್ಪ ಸುಸ್ತಾಗಿ ಒಳಗೆ ಮಲಗಿದಾನೆ.”

ಯಾರೇ ಆಗಿರಲಿ, ಕೈ ಮುಗಿಯಬೇಕೆಂದೇ ಒಳಗೆ ಹೋದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಹಾಸಿಗೆ ಮುಟ್ಟಿ ನೋಡಿದೆ. ಅವರಿಬ್ಬರೂ ಮಲಗಿದ್ದ ಜಾಗ ತಣ್ಣಗೆ ಕೊರೆಯುತ್ತಿತ್ತು. ನನ್ನ ಮಗ್ಗುಲು ಬೆಚ್ಚಗಿತ್ತು.